ವಾರಕ್ಕೊಂದು ಮಾತ್ರೆ

ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತೀರಾ ದೊಡ್ಡ ಆಸ್ಪತ್ರೆಯಲ್ಲ. ಬ್ಯಾಡರಹಳ್ಳಿ, ಅನ್ನಪೂರ್ಣೇಶ್ವರಿ ನಗರ, ಮಲ್ಲತ್ತಹಳ್ಳಿ ಕಡೆಯ ಜನ ಹೆಚ್ಚಾಗಿ ಬರುತ್ತಾರೆ. ಬಹುಪಾಲು ಮುಖಗಳು ನನಗೆ ಗೊತ್ತು, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಬಿಪಿ ಅನ್ನುವುದೂ ಗೊತ್ತು. ಡಾಕ್ಟರ ಕೈಬರಹ ಯಾರಿಗೂ ಓದಲಾಗದಿದ್ದರೆ ಚೀಟಿ ನನ್ನ ಹತ್ತಿರ ಬರುತ್ತಿತ್ತು. ನನ್ನಿಂದ ತಪ್ಪಾಗುವುದಿಲ್ಲ ಎಂದು ಆಸ್ಪತ್ರೆಯವರು ನಂಬಿದ್ದರು. ಅವರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ಮಲ್ಲತ್ತಹಳ್ಳಿಯಿಂದ ಬರುತ್ತಿದ್ದ ಹಿರಿಯ ದಂಪತಿಯ ವಿಷಯ ಹೇಳಬೇಕು. ಯಜಮಾನರು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತರಾದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ವಾಪಸ್ಸು ಬಂತು ಎಂದು ಬರೆದಿಡುವುದೇ ಅವರ ಜೀವಮಾನದ ಕೆಲಸವಾಗಿತ್ತು. ಡಾಕ್ಟರು ಒಂಬತ್ತೂವರೆಗೆ ಬರಬೇಕಾದವರು ಹತ್ತೂಕಾಲಿಗೆ ಬಂದರೆ, "ನಮ್ಮ ಡಿಪೋದಲ್ಲಾಗಿದ್ರೆ ಮೆಮೋ ಕೊಡ್ತಿದ್ರು ತಾಯಿ" ಎಂದು ಕೌಂಟರಿಗೆ ಬಂದು ನಗುತ್ತಾ ಹೇಳುತ್ತಿದ್ದರು. ಅವರ ಹೆಂಡತಿಗೆ ಕೀಲುವಾತ. ಬೆರಳುಗಳು ಊದಿಕೊಂಡು ಮಡಚಲಾಗುತ್ತಿರಲಿಲ್ಲ. ಚಪಾತಿ ಹಿಟ್ಟು ನಾದುವುದನ್ನು ಯಜಮಾನರೇ ಕಲಿತುಕೊಂಡಿದ್ದರು. ಅವರ ಕೈಯಲ್ಲಿ ಯಾವಾಗಲೂ ಒಂದು ಬಟ್ಟೆಚೀಲ. ಅದರಲ್ಲಿ ಹೆಂಡತಿಯ ಚೀಟಿಗಳು ತಾರೀಖಿನ ಪ್ರಕಾರ ಜೋಡಿಸಿಟ್ಟಿರುತ್ತಿದ್ದವು.

ಗಣೇಶನ ಹಬ್ಬ ಮುಗಿದ ಮೇಲಿನ ಮೊದಲ ಸೋಮವಾರ ಅವರು ಬಂದರು. ಕೀಲಿನ ಡಾಕ್ಟರು ಹೊಸ ಮಾತ್ರೆ ಬರೆದಿದ್ದರು. ಬಲವಾದ ಮಾತ್ರೆ, ವಾರಕ್ಕೆ ಒಂದೇ ಒಂದು. ಅದರ ಜೊತೆಗೆ ದಿನಾ ಬೆಳಿಗ್ಗೆ ಒಂದು ವಿಟಮಿನ್ ಮಾತ್ರೆ. ಎರಡೂ ಚಿಕ್ಕವು, ಎರಡೂ ಹಳದಿ. ನಮ್ಮಲ್ಲಿ ಅವೆರಡೂ ಒಂದೇ ಡ್ರಾಯರಿನಲ್ಲಿ ಅಕ್ಕಪಕ್ಕದಲ್ಲಿರುತ್ತಿದ್ದವು. ಯಾವಾಗಲೂ ಜೊತೆಯಲ್ಲೇ ಕೊಡುವ ಮಾತ್ರೆಗಳು, ಜೊತೆಯಲ್ಲಿದ್ದರೆ ಅನುಕೂಲ ಎಂದು ಹಾಗೆ ಇಟ್ಟವಳು ನಾನೇ. ಬಲವಾದದ್ದು ತಿಂಗಳಿಗೆ ನಾಲ್ಕು ಸಾಕು ಎಂದು ಡಾಕ್ಟರು ಬರೆದಿದ್ದರು. ಕತ್ತರಿಸುವ ಗೋಜಿಗೆ ಹೋಗದೆ ಹತ್ತು ಮಾತ್ರೆಯ ಪಟ್ಟಿಯನ್ನೇ ಕೊಟ್ಟೆ. ಮುಂದಿನ ತಿಂಗಳಿಗೂ ಆಗುತ್ತದೆ ಎಂದುಕೊಂಡೆ.

ನಾವು ಮಾತ್ರೆಗಳನ್ನು ಸಣ್ಣ ಕಾಗದದ ಕವರಿಗೆ ಹಾಕಿ ಮೇಲೆ ಬರೆದುಕೊಡುತ್ತೇವೆ. ದಿನಾ ಬೆಳಿಗ್ಗೆ ಒಂದು ಅನ್ನುವುದಕ್ಕೆ 1-0-0. ಅವತ್ತು ನಾನು ವಿಟಮಿನ್ ಕವರಿನ ಮೇಲೆ 'ವಾರಕ್ಕೆ 1' ಎಂದು ಬರೆದೆ. ಬಲವಾದ ಮಾತ್ರೆಯ ಕವರಿನ ಮೇಲೆ 1-0-0 ಎಂದು ಬರೆದೆ.

ಅವತ್ತು ಜನ ಜಾಸ್ತಿ ಇದ್ದರು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಜನ ಇದ್ದದ್ದು ನಿಜ. ಆದರೆ ಬರೆಯುವಾಗ ನಾನು ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಗೆ ನಮ್ಮ ಅಕ್ಕನ ಮಗಳ ಮದುವೆಯ ಕಥೆ ಹೇಳುತ್ತಿದ್ದೆ. ಎರಡನೇ ಪಂಕ್ತಿಗೆ ಹೋಳಿಗೆ ಮುಗಿದುಹೋಗಿ ಗಂಡಿನ ಕಡೆಯವರು ಮುನಿಸಿಕೊಂಡ ಕಥೆ. ನಗುತ್ತಾ ಬರೆಯುತ್ತಿದ್ದೆ.

ಯಜಮಾನರು ಕವರುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದು ದಿನಾನಾ ತಾಯಿ? ಡಾಕ್ಟ್ರು ಯಾವ್ದೋ ಒಂದು ವಾರಕ್ಕೊಂದು ಅಂದಂಗಿತ್ತು" ಎಂದು ಕೇಳಿದರು.

ಹೌದು, ಅವರು ಕೇಳಿದರು. ನಾನು ಕವರಿನ ಕಡೆ ನೋಡಲಿಲ್ಲ. "ಬರ್ದಿದೀನಲ್ಲ ಸಾರ್, ಅದರ ಪ್ರಕಾರ ಕೊಡಿ" ಎಂದೆ. ಅವರು ತಲೆಯಾಡಿಸಿ, ಕವರುಗಳನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹೋದರು.

ಹತ್ತನೆಯ ದಿನ ಆಕೆ ಆಸ್ಪತ್ರೆಗೆ ಸೇರಿದರು. ಬಾಯಿ ತುಂಬಾ ಹುಣ್ಣು, ಗುಟುಕು ನೀರು ನುಂಗಲೂ ಆಗುತ್ತಿರಲಿಲ್ಲ. ಜ್ವರ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಇಳಿದುಹೋಗಿದ್ದವು. ಕೀಲಿನ ಡಾಕ್ಟರು ನನ್ನನ್ನು ವಾರ್ಡಿಗೆ ಕರೆಸಿದರು. ನಾನು ಹೋದಾಗ ಯಜಮಾನರು ಮಂಚದ ಪಕ್ಕ ನಿಂತಿದ್ದರು. ಡಾಕ್ಟರು ಅವರನ್ನು ಕೇಳುತ್ತಿದ್ದರು.

"ವಾರಕ್ಕೆ ಒಂದೇ ಅಂತ ನಾನು ಹೇಳಿದ್ದೆ ಅಲ್ವಾ ಯಜಮಾನ್ರೇ? ದಿನಾ ಯಾಕೆ ಕೊಟ್ರಿ?"

"ಕವರ್ ಮೇಲೆ ಹಂಗೇ ಇತ್ತು ಅಂದ್ಕೊಂಡು ಕೊಟ್ಟೆ ಡಾಕ್ಟ್ರೇ…"

ಡಾಕ್ಟರು ಬಟ್ಟೆಚೀಲವನ್ನು ನನ್ನ ಕೈಗೆ ಕೊಟ್ಟು, "ಎಷ್ಟು ಮಾತ್ರೆ ಹೋಗಿದೆ ನೋಡಿ ಹೇಳಮ್ಮ, ಬೇಗ" ಎಂದರು. ಕವರನ್ನು ಅವರು ನೋಡಿರಲಿಲ್ಲ. ಅವರ ಗಮನವೆಲ್ಲ ರೋಗಿಯ ಮೇಲಿತ್ತು, ಇರಬೇಕಾದದ್ದೂ ಹಾಗೆಯೇ.

ನಾನು ಕೆಳಗೆ ಬಂದು ಸ್ಟಾಕ್ ರೂಮಿನ ಬಾಗಿಲು ಹಾಕಿಕೊಂಡು ಚೀಲ ಬಿಚ್ಚಿದೆ. ಪಟ್ಟಿಯಲ್ಲಿ ಒಂದೇ ಒಂದು ಮಾತ್ರೆ ಉಳಿದಿತ್ತು. ಕವರಿನ ಮೇಲೆ 1-0-0. ನನ್ನದೇ ಅಕ್ಷರ, ಸೊನ್ನೆಗೆ ಬಾಲ ಬಿಡುವ ನನ್ನದೇ ಅಭ್ಯಾಸ. ಆಮೇಲೆ ನಾನು ಮಾಡಿದ್ದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಎರಡೂ ಕವರುಗಳನ್ನು ಚೂರುಚೂರು ಮಾಡಿ, ಚೂರುಗಳನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಎರಡು ಹೊಸ ಕವರು ತೆಗೆದು ಸರಿಯಾಗಿ ಬರೆದೆ. ಬಲವಾದ ಮಾತ್ರೆಗೆ 'ವಾರಕ್ಕೆ 1', ವಿಟಮಿನ್‌ಗೆ 1-0-0. ಹೊಸ ಕವರು ಹೊಸದಾಗಿ ಕಾಣಬಾರದೆಂದು ಅಂಗೈಯಲ್ಲಿ ಮುದುರಿ, ಮತ್ತೆ ಬಿಡಿಸಿ, ಮಾತ್ರೆ ಹಾಕಿ ಚೀಲದಲ್ಲಿಟ್ಟೆ. ಮೇಲೆ ಹೋಗಿ, "ಒಂಬತ್ತು ಹೋಗಿದೆ ಡಾಕ್ಟರ್" ಎಂದೆ. ನನ್ನ ದನಿ ಮಾಮೂಲಿನಂತೆಯೇ ಇತ್ತು. ಅದು ಹೇಗೆ ಸಾಧ್ಯವಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಡಾಕ್ಟರು ಕೂಡಲೇ ನರ್ಸನ್ನು ಕರೆದುಕೊಂಡು ಹೊರಗೆ ಹೋದರು. ಅಷ್ಟು ಹೊತ್ತಿಗೆ ಯಜಮಾನರ ಮಗಳು ಬಂದಿದ್ದಳು. ಕೆಂಗೇರಿಯ ಒಂದು ಶಾಲೆಯಲ್ಲಿ ಟೀಚರು, ಅಪ್ಪ ಅಮ್ಮನ ಜೊತೆಯಲ್ಲೇ ಇರುವವಳು. ನನ್ನ ಕೈಯಿಂದ ಚೀಲ ತೆಗೆದುಕೊಂಡು ಕವರು ನೋಡಿದಳು. ಮುಖ ಕೆಂಪಾಯಿತು.

"ಅಪ್ಪಾ, ಇಲ್ಲಿ ಸರಿಯಾಗೇ ಬರ್ದಿದಾರಲ್ಲಪ್ಪ! ವಾರಕ್ಕೆ ಒಂದು ಅಂತ ಇದೆಯಲ್ಲ!"

ಯಜಮಾನರು ಕವರು ಇಸಕೊಂಡರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಓದಿದರು. ತಿರುಗಿಸಿ ನೋಡಿದರು. ಮತ್ತೆ ಓದಿದರು. "ಒಂದು ಸೊನ್ನೆ ಸೊನ್ನೆ ಅಂತ ಇತ್ತಲ್ಲಮ್ಮ…" ಎಂದು ನನ್ನ ಕಡೆ ನೋಡಿದರು. ನಾನು ಹಾಸಿಗೆಯ ಪಕ್ಕ ನೇತುಹಾಕಿದ್ದ ಡ್ರಿಪ್ಪಿನ ಬಾಟಲಿ ನೋಡಿದೆ. ಅವರ ದನಿ ಕುಗ್ಗಿತು. "ಇಲ್ಲ, ಇಲ್ಲ. ನಾನೇ ತಪ್ಪು ಓದಿದೀನಿ ಅನ್ಸುತ್ತೆ" ಎಂದರು.

ಆಕೆ ಬದುಕಿದರು. ಅದಕ್ಕೆ ಡಾಕ್ಟರು, ನರ್ಸುಗಳು ಕಾರಣ. ಎರಡು ವಾರ ಆಸ್ಪತ್ರೆಯಲ್ಲಿದ್ದರು, ಕೂದಲು ಅರ್ಧ ಉದುರಿತು. ಮನೆಗೆ ಹೊರಡುವ ದಿನ ಗಾಲಿಕುರ್ಚಿಯಲ್ಲಿ ಕೂತು ಗಂಡನನ್ನು ಬೈಯುತ್ತಲೇ ಇದ್ದರು. "ಇಷ್ಟು ವರ್ಷ ಬಸ್ಸಿನ ಟೈಮ್ ಬರೆದ್ರು, ಹೆಂಡ್ತಿ ಮಾತ್ರೆ ಓದಕ್ಕಾಗ್ಲಿಲ್ಲ" ಎಂದರು. ಯಜಮಾನರು ಗಾಲಿಕುರ್ಚಿ ತಳ್ಳಿಕೊಂಡು ಹೋದರು.

ಅದಾದ ಮೇಲೆ ಅವರು ಪರೀಕ್ಷೆಗೆ ಬಂದಾಗಲೆಲ್ಲ ಬಟ್ಟೆಚೀಲ ಮಗಳ ಕೈಯಲ್ಲಿರುತ್ತಿತ್ತು. ಯಜಮಾನರು ನಾಲ್ಕು ಹೆಜ್ಜೆ ಹಿಂದೆ ನಿಂತಿರುತ್ತಿದ್ದರು. ಡಾಕ್ಟರು ತಡ ಮಾಡಿದರೂ ಮೆಮೋ ಮಾತು ಬರುತ್ತಿರಲಿಲ್ಲ. ಒಂದು ಸಲ ಮಗಳು ಕೌಂಟರಿನಲ್ಲಿ ದನಿ ತಗ್ಗಿಸಿ, "ಅಪ್ಪಂಗೆ ಮರೆವು ಶುರುವಾಗಿದೆ ಮೇಡಂ. ಮರೆವಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ವಿ. ಅವರು ಏನೂ ಇಲ್ಲ ಅಂತಾರೆ. ಆದ್ರೆ ಅಪ್ಪನೇ ನಂಬ್ತಿಲ್ಲ. ಈಗ ಗ್ಯಾಸ್ ಆಫ್ ಮಾಡಿದೀನಾ ಅಂತ ಐದೈದು ಸಲ ನೋಡ್ತಾರೆ" ಎಂದಳು. ನಾನು ಮಾತ್ರೆ ಎಣಿಸುತ್ತಿದ್ದೆ. "ವಯಸ್ಸಾಯ್ತಲ್ಲ" ಎಂದೆ. ಆ ಒಂದು ಮಾತು ಕವರು ಹರಿದದ್ದಕ್ಕಿಂತ ಕೆಟ್ಟದ್ದು ಎಂದು ಕೆಲವು ಸಲ ಅನ್ನಿಸುತ್ತದೆ. ಕವರು ಹರಿದಾಗ ಭಯವಾಗಿತ್ತು. ಈ ಮಾತು ಹೇಳಿದಾಗ ಭಯವೂ ಇರಲಿಲ್ಲ.

ಸಂಕ್ರಾಂತಿಯ ನಂತರ ನಮ್ಮ ಆಸ್ಪತ್ರೆಗೆ ಹೊಸ ಸೂಪರಿಂಟೆಂಡೆಂಟ್ ಬಂದರು. ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಡಾಕ್ಟರಮ್ಮ. ಬುಧವಾರ ಮಧ್ಯಾಹ್ನ ಊಟದ ನಂತರ ಎಲ್ಲ ವಿಭಾಗದಿಂದ ಒಬ್ಬೊಬ್ಬರು ಬಂದು ಕೂರಬೇಕು ಎಂದರು. ಮೊದಲ ದಿನ ಅವರು ಹೇಳಿದ್ದು ಇಷ್ಟು: "ಇಲ್ಲಿ ಯಾರು ಮಾಡಿದ್ರು ಅನ್ನೋ ಪ್ರಶ್ನೆ ಕೇಳೋ ಹಾಗಿಲ್ಲ. ಏನಾಯ್ತು, ಯಾಕೆ ಹಂಗಾಗೋಕೆ ಸಾಧ್ಯ ಆಯ್ತು, ಅಷ್ಟೇ. ಅಪಾಯ ಆಗಿರ್ಲೇಬೇಕು ಅಂತಿಲ್ಲ. ಆಗೋದ್ರಲ್ಲಿತ್ತು, ತಪ್ತು ಅನ್ನೋದನ್ನೂ ಹೇಳಿ."

ಯಾರೂ ಬಾಯಿ ಬಿಡಲಿಲ್ಲ. ಚಹಾ ಕುಡಿದು ಎದ್ದು ಬಂದೆವು. ಎರಡನೆಯ ಬುಧವಾರವೂ ಹಾಗೆಯೇ ಆಯಿತು. ಮೂರನೆಯ ಬುಧವಾರ ವಾರ್ಡಿನ ಆಯಾ ಒಬ್ಬಳು ಎದ್ದು ನಿಂತಳು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

"ಆಪರೇಷನ್‌ಗೆ ಅಂತ ಉಪವಾಸ ಇಟ್ಟಿದ್ದ ಅಜ್ಜಿಗೆ ನಾನು ಕಾಫಿ ಕೊಟ್ಬಿಟ್ಟೆ ಅಮ್ಮಾವ್ರೇ. ಕೇಳಿದ್ರು, ಕೊಟ್ಟೆ. ಅವರಿಗೆ ಕೊಡಬಾರ್ದು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಆಪರೇಷನ್ ನಿಂತೋಯ್ತು. ಸಿಸ್ಟರ್‌ಗೆ ಬೈದ್ರು. ನಾನು ಅಂತ ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು, ಕಾಫಿ ಯಾರು ಕೊಡುತ್ತಾರೆ, ಯಾವ ಮಂಚಕ್ಕೆ ಕೊಡಬಾರದೆಂದು ಅವಳಿಗೆ ಹೇಗೆ ಗೊತ್ತಾಗಬೇಕು ಎಂದು ಒಂದೊಂದಾಗಿ ಕೇಳಿದರು. ಮರುದಿನದಿಂದ ಉಪವಾಸದವರ ಮಂಚಕ್ಕೆ ಕೆಂಪು ಬಟ್ಟೆ ಕಟ್ಟುವುದು ಶುರುವಾಯಿತು. ಓದು ಬಾರದವರಿಗೂ ಕಾಣುವಂತೆ. ಹಾಗೆ ಮಾಡೋಣ ಎಂದವಳು ಆ ಆಯಾಳೇ. ಅವಳನ್ನು ಯಾರೂ ಬೈಯಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ.

ಮತ್ತೂ ಎರಡು ವಾರ ಕಳೆದು ನಾನು ಹೇಳಿದೆ. ಅರ್ಧ ಹೇಳಿದೆ. ಎರಡು ಹಳದಿ ಮಾತ್ರೆ, ಕವರಿನ ಬರಹ ಅದಲುಬದಲಾದದ್ದು, ಆಕೆ ಸಾವಿನ ಹತ್ತಿರ ಹೋಗಿ ಬಂದದ್ದು. ಕೀಲಿನ ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. ಕವರಿನಲ್ಲಿ ಸರಿಯಾಗೇ ಇತ್ತಲ್ಲ ಎಂದು ಅವರು ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಆದರೆ ಆ ಕವರನ್ನು ಅವರು ಓದಿಯೇ ಇರಲಿಲ್ಲ. ಡಾಕ್ಟರಮ್ಮ, "ಇಷ್ಟು ಸೀನಿಯರ್ ಆಗಿದ್ದೂ ಎಲ್ಲರ ಮುಂದೆ ಹೇಳಿದ್ರಲ್ಲ, ಇದು ಸುಲಭ ಅಲ್ಲ" ಎಂದರು. ಕೆಲವರು ಚಪ್ಪಾಳೆ ತಟ್ಟಿದರು. ಅದೇ ವಾರ ಎರಡು ಮಾತ್ರೆಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿದೆವು. ವಾರಕ್ಕೊಂದರ ಮಾತ್ರೆಯನ್ನು ನಾಲ್ಕಕ್ಕಿಂತ ಹೆಚ್ಚು ಕೊಡಬಾರದೆಂದು ಗೊತ್ತು ಮಾಡಿದೆವು. ಕವರಿನ ಮೇಲೆ ಅಂಕಿಯ ಬದಲು 'ಸೋಮವಾರ ಮಾತ್ರ' ಎಂದು ವಾರದ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಯಬೇಕು. ಎಲ್ಲರೂ ಇದು ನನ್ನಿಂದಾದ ಒಳ್ಳೆಯ ಕೆಲಸ ಎಂದರು. ಸಹೋದ್ಯೋಗಿಯೊಬ್ಬಳು, "ನಿಮ್ಮಿಂದ ಎಷ್ಟೋ ಜನ ಬದುಕ್ತಾರೆ ಅಕ್ಕ" ಎಂದಳು.

ಆ ಚಪ್ಪಾಳೆ ತಡೆಯಲಾಗಲಿಲ್ಲ. ಮನೆಯಲ್ಲಿ ಸೊಪ್ಪು ಬಿಡಿಸುವಾಗ, ವಿಜಯನಗರದ ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುವಾಗ, ಕನ್ನಡಕ ಹಾಕಿಕೊಂಡು ಕವರನ್ನು ತಿರುಗಿಸಿ ನೋಡುವ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ ಬೆಳಿಗ್ಗೆ ಡಾಕ್ಟರಮ್ಮನ ರೂಮಿಗೆ ಹೋಗಿ ಉಳಿದರ್ಧ ಹೇಳಿದೆ. ಹರಿದದ್ದು, ಹೊಸದು ಬರೆದದ್ದು, ಮುದುರಿದ್ದು, 'ವಯಸ್ಸಾಯ್ತಲ್ಲ' ಅಂದದ್ದು.

ಅವರ ಮುಖ ಬದಲಾಯಿತು. ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು.

"ಮೊದಲನೇದು ತಪ್ಪು. ಯಾರಿಂದ ಬೇಕಾದ್ರೂ ಆಗಬಹುದು. ಅದಕ್ಕೆ ಆಸ್ಪತ್ರೇನೂ ಹೊಣೆ, ಅದರಲ್ಲಿ ನಾನು ನಿಮ್ಮ ಪಕ್ಕ ನಿಲ್ತೀನಿ. ಎರಡನೇದನ್ನ ತಪ್ಪು ಅಂತ ಕರೆಯಕ್ಕಾಗಲ್ಲಮ್ಮ. ಆ ಮನುಷ್ಯನ ತಲೆ ಕೆಟ್ಟಿದೆ ಅಂತ ಅವರಿಗೇ ನಂಬಿಸಿದೀರಿ."

"ಕೆಲಸ ಬಿಡ್ತೀನಿ ಮೇಡಂ."

"ನೀವು ಬಿಟ್ರೆ ಅವರಿಗೇನು ಸಿಗುತ್ತೆ? ಮೊದಲು ಅವರ ಮನೆಗೆ ಹೋಗೋಣ."

ಆಡಳಿತದ ಮ್ಯಾನೇಜರು ಒಪ್ಪಲಿಲ್ಲ. ಕೇಸು ಹಾಕಿದರೆ ಏನು ಗತಿ, ಆಗಿದ್ದು ಆಗಿಹೋಯಿತು, ಆಕೆ ಗುಣವಾಗಿದ್ದಾರೆ, ಸುಮ್ಮನೆ ಯಾಕೆ ಕೆದಕುವುದು ಎಂದರು. ಡಾಕ್ಟರಮ್ಮ, "ಹಾಕಿದ್ರೆ ಹಾಕ್ಲಿ. ಅವರ ಹಕ್ಕು" ಎಂದು ಮಾತು ಮುಗಿಸಿದರು.

ಶನಿವಾರ ಮಧ್ಯಾಹ್ನ ಇಬ್ಬರೂ ಆಟೋದಲ್ಲಿ ಹೋದೆವು. ಕೆರೆಯ ಹಿಂದಿನ ಬೀದಿಯಲ್ಲಿ ಮೊದಲ ಮಹಡಿಯ ಮನೆ. ಮಗಳು ಬಾಗಿಲು ತೆಗೆದಳು. ಆಸ್ಪತ್ರೆಯವರು ಮನೆ ಹುಡುಕಿಕೊಂಡು ಬಂದದ್ದಕ್ಕೆ ಗಾಬರಿಯಾಗಿ, "ಅಮ್ಮನ ರಿಪೋರ್ಟಲ್ಲಿ ಏನಾದ್ರೂ…?" ಎಂದಳು. ಹಾಗೇನಿಲ್ಲ ಎಂದು ಕೂತೆವು. ಅವಳ ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು, ತಲೆಯ ಮೇಲೆ ಹೊಸ ಕೂದಲು ಬಂದಿತ್ತು. ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. "ಆ ಕವರ್ ಮೇಲೆ 1-0-0 ಅಂತ ಬರ್ದಿದ್ದು ನಾನೇ ಸಾರ್. ನೀವು ಸರಿಯಾಗೇ ಓದಿದ್ರಿ. ಅದನ್ನ ಹರಿದು ಹಾಕಿ, ಬೇರೆ ಕವರ್ ಬರ್ದು ಚೀಲದಲ್ಲಿಟ್ಟೆ" ಎಂದುಬಿಟ್ಟೆ.

ಮಗಳು ಎದ್ದು ನಿಂತಳು. ಅವಳ ಅಮ್ಮ ನನ್ನನ್ನು ನೋಡಲಿಲ್ಲ, ಗಂಡನ ಕಡೆ ತಿರುಗಿದರು. "ಅಯ್ಯೋ ಶಿವನೇ, ಇಷ್ಟು ದಿನ ಇವರನ್ನ ಬೈಕೊಂಡೇ ಬಂದೆನಲ್ಲೇ" ಎಂದು ಮಗಳಿಗೆ ಹೇಳಿದರು. ಮತ್ತೆ ಅದನ್ನೇ ಹೇಳಿದರು.

ಯಜಮಾನರು ಒಳಗೆ ಹೋದರು. ಬರುವಾಗ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ನನ್ನ ಮುಂದೆ ಬಿಚ್ಚಿದರು. ಪ್ರತಿ ಪುಟದಲ್ಲೂ ತಾರೀಖು, ಅದರ ಕೆಳಗೆ ಅವತ್ತು ಬೆಳಿಗ್ಗೆ ಏನು ತಿಂಡಿ, ಯಾರು ಬಂದಿದ್ದರು, ಹಾಲು ಎಷ್ಟು ಹೊತ್ತಿಗೆ ಬಂತು, ಬೀದಿಯಲ್ಲಿ ಯಾವ ನಂಬರಿನ ಬಸ್ಸು ಹೋಯಿತು. ಮಾರನೆಯ ದಿನ ನೋಡದೆ ನೆನಪಿನಿಂದ ಹೇಳಿ, ಸರಿಯಿದ್ದರೆ ಪಕ್ಕದಲ್ಲಿ ಗುರುತು. ಪುಟ ಪುಟವೂ ಗುರುತುಗಳೇ.

"ಒಂದೂ ತಪ್ಪಿಲ್ಲ ನೋಡಿ ತಾಯಿ" ಎಂದರು. "ಆದ್ರೂ ನಂಬಿಕೆ ಬರ್ತಿರ್ಲಿಲ್ಲ. ಅವತ್ತು ಅಷ್ಟು ದೊಡ್ಡದನ್ನ ತಪ್ಪು ಓದಿದೋನು, ಇದನ್ನೂ ಸುಮ್ನೆ ಸರಿ ಅಂದ್ಕೊಂಡು ಗುರುತು ಹಾಕ್ತಿದೀನೇನೋ ಅಂತ."

ನಾನು ಅತ್ತೆ. ಅವರು ನಾನು ಮುಗಿಸುವವರೆಗೂ ಕಾದರು. ಆಮೇಲೆ, "ಹಂಗಾದ್ರೆ ನಾನು ಓದಿದ್ದು ಸರಿ ಇತ್ತು?" ಎಂದು ಕೇಳಿದರು.

"ಸರಿಯಾಗಿತ್ತು ಸಾರ್."

"ನನ್ನ ಮಗಳಿಗೆ ಹೇಳಿ."

ನಾನು ಅವಳ ಕಡೆ ತಿರುಗಿ ಹೇಳಿದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನೀವು ತಪ್ಪು ಬರ್ದಿದ್ದು ಹೋಗ್ಲಿ. ಡಿಪೋದಲ್ಲಿ ನಾನೂ ಒಂದೆರಡು ಸಲ ತಪ್ಪು ಬರ್ದಿದೀನಿ" ಎಂದರು ಯಜಮಾನರು. "ಅವತ್ತು ಕವರ್ ಹಿಡ್ಕೊಂಡು ನಿಮ್ಮ ಮುಖ ನೋಡಿದ್ನಲ್ಲ, ಆಗ ಹೇಳಬಹುದಿತ್ತು. ಈಗ ಹೋಗಿ ತಾಯಿ."

ಡಾಕ್ಟರಮ್ಮ ಎರಡು ಮಾತ್ರೆಗಳೂ ಒಂದೇ ಡ್ರಾಯರಿನಲ್ಲಿದ್ದದ್ದನ್ನು ಹೇಳಿ, ಆಸ್ಪತ್ರೆಯ ಪರವಾಗಿ ಕ್ಷಮೆ ಕೇಳಿದರು. ಅವರು ತಲೆಯಾಡಿಸಿದರು, ಅಷ್ಟೇ.

ಅವರು ಕೇಸು ಹಾಕಲಿಲ್ಲ. ವಾರದ ನಂತರ ಒಂದು ಕಾಗದ ಬಂತು. ಸಾಲು ಒಂದಿಷ್ಟೂ ಓರೆಯಾಗದ ಕೈಬರಹ. ಅದರಲ್ಲಿ ಬೈಗುಳ ಇರಲಿಲ್ಲ, ಪ್ರಶ್ನೆಗಳಿದ್ದವು. ಡಾಕ್ಟರು ನಾಲ್ಕು ಬರೆದಿದ್ದರೆ ಹತ್ತು ಕೊಟ್ಟದ್ದೇಕೆ? ಒಂದೇ ಬಣ್ಣದ ಎರಡು ಮಾತ್ರೆಗಳು ಒಂದೇ ಕಡೆ ಏಕಿದ್ದವು? ನಾನು ಕೇಳಿದಾಗ ತಿರುಗಿ ನೋಡದೆ ಉತ್ತರ ಕೊಟ್ಟದ್ದೇಕೆ? ಮೊದಲಿನ ಎರಡಕ್ಕೆ ನಮ್ಮ ಹತ್ತಿರ ಆಗಲೇ ಉತ್ತರವಿತ್ತು. ಮೂರನೆಯದನ್ನು ನಾವ್ಯಾರೂ ಯೋಚಿಸಿರಲಿಲ್ಲ. ನಾನು ಅದನ್ನು ಸಭೆಯಲ್ಲಿ ಹೇಳಿಯೇ ಇರಲಿಲ್ಲ. ಡಾಕ್ಟರಮ್ಮ ಬುಧವಾರ ಆ ಕಾಗದವನ್ನು ಎಲ್ಲರಿಗೂ ಓದಿ ಹೇಳಿದರು. ಅವತ್ತು ಕವರಿನ ಕಥೆಯನ್ನೂ ನಾನೇ ಪೂರ್ತಿ ಹೇಳಬೇಕಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೀಲಿನ ಡಾಕ್ಟರು ಮಾತ್ರ, "ನಾನಾದ್ರೂ ಅವತ್ತು ಕವರ್ ನೋಡಿದ್ರೆ ಅವರನ್ನ ಹಾಗೆ ಕೇಳ್ತಿರ್ಲಿಲ್ಲ" ಎಂದರು.

ಆಮೇಲೆ ಒಂದು ನಿಯಮ ಬಂತು. ರೋಗಿಯಾಗಲಿ, ಕಡೆಯವರಾಗಲಿ ಒಂದು ಅನುಮಾನ ಕೇಳಿದರೆ, ಎಷ್ಟೇ ಸಾಲು ಇರಲಿ, ಕವರು ವಾಪಸ್ಸು ತೆಗೆದುಕೊಂಡು ಚೀಟಿಯ ಪಕ್ಕದಲ್ಲಿಟ್ಟು ಅವರ ಎದುರೇ ಓದಬೇಕು. ಅನಾಹುತವಾದರೆ ಔಷಧಿ, ಕವರು, ಚೀಟಿ ಎಲ್ಲವನ್ನೂ ಸಂಬಂಧಪಡದ ಇನ್ನೊಬ್ಬರು ತೆಗೆದಿಡಬೇಕು, ಕೊಟ್ಟವರ ಕೈಗೆ ಹೋಗಬಾರದು. ನನ್ನನ್ನು ಆರು ತಿಂಗಳು ಕೌಂಟರಿನಿಂದ ತೆಗೆದು ಸ್ಟಾಕಿಗೆ ಹಾಕಿದರು. ನ್ಯಾಯವಾಗಿಯೇ ಇತ್ತು. ಆ ಆರು ತಿಂಗಳಲ್ಲಿ ಒಂದು ಸಲ, ಸಹೋದ್ಯೋಗಿ ಬರೆದ ತಪ್ಪೊಂದು ರೋಗಿಯ ಎದುರು ಓದುವಾಗಲೇ ಸಿಕ್ಕಿತು. ಅವಳು ತಾನಾಗಿಯೇ ಬುಧವಾರ ಎದ್ದು ಹೇಳಿದಳು.

ಹೊಸದಾಗಿ ಸೇರುವವರಿಗೆ ಈ ಘಟನೆ ಹೇಳುವುದು ಈಗ ನನ್ನ ಕೆಲಸಗಳಲ್ಲಿ ಒಂದು. ಹೇಳಿ ಹೇಳಿ ಅಭ್ಯಾಸವಾಗಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಹೋದ ತಿಂಗಳು ಇಬ್ಬರು ಹೊಸ ಹುಡುಗಿಯರು ಸೇರಿದ್ದರು. ಅವರ ಮುಂದೆ ಕವರಿನ ಬರಹ ಅದಲುಬದಲಾದದ್ದರವರೆಗೆ ಹೇಳಿ, ಅಲ್ಲಿಂದ ನೇರವಾಗಿ ನಿಯಮಗಳಿಗೆ ಬಂದುಬಿಟ್ಟೆ. ಹರಿದ ವಿಷಯ ಬಾಯಿಗೆ ಬರಲಿಲ್ಲ. "ಎಷ್ಟು ಧೈರ್ಯ ಮೇಡಂ ನಿಮ್ಗೆ" ಎಂದು ಒಬ್ಬಳು ಅಂದಳು. ನಾನು ನಕ್ಕೆ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಇಬ್ಬರನ್ನೂ ಮತ್ತೆ ಕರೆದು ಕೂರಿಸಿ ಪೂರ್ತಿ ಹೇಳಿದೆ.

ಹಿಂದಿನ ದಿನ ಧೈರ್ಯದ ಮಾತಾಡಿದ್ದವಳೇ ಕೇಳಿದಳು, "ಅವರು ಈಗ ಹೇಗಿದಾರೆ ಮೇಡಂ?"

ನನಗೆ ಗೊತ್ತಿಲ್ಲ ಎಂದೆ. ಆ ಕಾಗದ ಬರೆದ ಮೇಲೆ ಅವರು ನಮ್ಮ ಆಸ್ಪತ್ರೆಗೆ ಬಂದಿಲ್ಲ. ಬೇರೆ ಎಲ್ಲೋ ತೋರಿಸಿಕೊಳ್ಳುತ್ತಿರಬೇಕು. ಹೋಗಿ ಕೇಳುವ ಹಕ್ಕು ನನಗಿಲ್ಲ.